ಚೀಟಿಯಲ್ಲಿ ಇಲ್ಲದ ಹೆಸರು

ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ 2024ರ ಅಕ್ಟೋಬರ್ ಕೊನೆಗೆ, ದೀಪಾವಳಿ ಇನ್ನೇನು ಬಂತು ಅನ್ನುವಾಗ, 17 ಕಿಲೋಗೂ ಹೆಚ್ಚು ಅಡವಿನ ಚಿನ್ನ ಕಳುವಾಯಿತಲ್ಲ, ಆ ವಾರವಿಡೀ ಶಿಕಾರಿಪುರದ ನಮ್ಮ ಸ್ಟಾಫ್‌ರೂಮಿನಲ್ಲಿ ಬೇರೆ ಮಾತೇ ಇರಲಿಲ್ಲ. ನ್ಯಾಮತಿ ನಮಗೆ ದೂರವೇನಲ್ಲ, ಸವಳಂಗದ ಆಚೆ. ಕಿಟಕಿಯ ಸರಳು ಕತ್ತರಿಸಿದರಂತೆ, ಗ್ಯಾಸ್ ಕಟರಿನಿಂದ ಲಾಕರು ಕೊಯ್ದರಂತೆ, ಪೊಲೀಸ್ ನಾಯಿಗೆ ವಾಸನೆ ಸಿಗದಂತೆ ಖಾರದ ಪುಡಿ ಎರಚಿದರಂತೆ. “ಏನು ತಲೆ ರೀ!” ಎಂದು ನಮ್ಮ ಗಣಿತದ ಮೇಷ್ಟ್ರು ಮೂರು ಸಲ ಹೇಳಿದರು.

2025ರ ಮಾರ್ಚಿನಲ್ಲಿ ಆರು ಜನ ಸಿಕ್ಕಿಬಿದ್ದರು. ಚಿನ್ನದ ಬಹುಪಾಲು ತಮಿಳುನಾಡಿನ ಬಾವಿಯೊಂದರಿಂದ ಮೇಲೆ ಬಂತು. ‘ಮನಿ ಹೈಸ್ಟ್’ ನೋಡಿ ಕಲಿತರಂತೆ ಎಂಬ ಸುದ್ದಿ ಹೊರಬಿದ್ದ ಮೇಲಂತೂ ಕಳ್ಳರೇ ಕಥಾನಾಯಕರಾದರು. ಆ ಸ್ಪ್ಯಾನಿಷ್ ಧಾರಾವಾಹಿಯನ್ನು ಮಗನ ಜೊತೆ ಕೂತು ನಾನೂ ನೋಡಿದ್ದೇನೆ, ಸುಳ್ಳೇಕೆ ಹೇಳಲಿ. ಅದರಲ್ಲಿ ಕದಿಯುವುದು ದೇಶದ ಬ್ಯಾಂಕಿನ ಚಿನ್ನ. 1983ರಲ್ಲಿ ಲಂಡನ್ನಿನ ಹೀಥ್ರೋ ಹತ್ತಿರದ ಗೋದಾಮಿನಿಂದ ಕದ್ದ ಮೂರು ಟನ್ನೂ ಗಟ್ಟಿಗಳೇ. ಅದರ ಮೇಲೂ ಬಿಬಿಸಿ ಧಾರಾವಾಹಿ ಮಾಡಿತು. ಗಟ್ಟಿಗೆ ಕೊರಳಿಲ್ಲ, ಕೈಯಿಲ್ಲ. ಕಳ್ಳನಿಗೆ ಚಪ್ಪಾಳೆ ತಟ್ಟಿದರೆ ಯಾರ ಹೊಟ್ಟೆಯೂ ಉರಿಯುವುದಿಲ್ಲ.

ನ್ಯಾಮತಿಯದು ಗಟ್ಟಿಯಲ್ಲ. ಬಳೆ, ಗುಂಡಿನ ಸರ, ಬೆಂಡೋಲೆ. ಒಂದೊಂದು ಪೊಟ್ಟಣದ ಹಿಂದೆ ಒಬ್ಬ ಹೆಂಗಸು. ಅಷ್ಟು ದಿನ ಪತ್ರಿಕೆಯಲ್ಲಿ ‘ಗ್ರಾಹಕರು’, ‘ರೈತರು’ ಎಂಬ ಮಾತು ಓದಿದೆ. ಗ್ರಾಹಕ ಯಾರು? ಚೀಟಿಯಲ್ಲಿ ಹೆಸರಿರುವವನು. ಬಹಳ ಮನೆಗಳಲ್ಲಿ ಆತ ಗಂಡ, ಇಲ್ಲವೆ ಮಗ.

ಇದು ನನ್ನ ಕಲ್ಪನೆಯಲ್ಲ. ಸೊರಬದಲ್ಲಿ ನಾನಿನ್ನೂ ಹೈಸ್ಕೂಲಿನಲ್ಲಿದ್ದಾಗ ಅಪ್ಪ ಅಮ್ಮನ ಎರಡೆಳೆ ಸರ ಒಯ್ದು ಸಾಹುಕಾರರೊಬ್ಬರಲ್ಲಿ ಗಿರವಿ ಇಟ್ಟಿದ್ದರು. ಅಮ್ಮನಿಗೆ ಗೊತ್ತಾದದ್ದು ತಂಗಿಯ ಮದುವೆಗೆ ಹೊರಡುವ ಬೆಳಿಗ್ಗೆ, ಟ್ರಂಕು ತೆಗೆದಾಗ. “ತೋಟಕ್ಕೆ ಬೇಕಿತ್ತು, ಬಿಡಿಸಿ ತಂದರಾಯ್ತು” ಎಂದರು ಅಪ್ಪ. ಮದುವೆಮನೆಯಲ್ಲಿ ಅಮ್ಮ ಎರಡು ದಿನವೂ ಕೊರಳು ಮುಚ್ಚುವಂತೆ ಸೆರಗು ಹೊದ್ದೇ ಓಡಾಡಿದಳು. ಸರ ಮತ್ತೆ ಬರಲಿಲ್ಲ. ಅದನ್ನು ಕಳ್ಳತನ ಎಂದು ಯಾರೂ ಕರೆಯಲಿಲ್ಲ. ಅಮ್ಮನೂ ಕರೆಯಲಿಲ್ಲ.

ಅಡವಿಡುವುದೇ ತಪ್ಪು ಎನ್ನುತ್ತಿಲ್ಲ. ಶುಂಠಿ ಬೀಜಕ್ಕೆ, ಕಾಲೇಜು ಫೀಜಿಗೆ, ಆಸ್ಪತ್ರೆಗೆ ನಮ್ಮ ಕಡೆ ಮೊದಲು ನೆನಪಾಗುವುದೇ ಬಳೆ; ಬಹಳ ಹೆಂಗಸರು ತಾವೇ ಬಿಚ್ಚಿ ಕೊಡುತ್ತಾರೆ. ಆದರೆ ಕೇಳಿ ಪಡೆಯುವುದಕ್ಕೂ ಟ್ರಂಕಿನಿಂದ ತೆಗೆದೊಯ್ಯುವುದಕ್ಕೂ ವ್ಯತ್ಯಾಸವಿಲ್ಲವೇ? ಸ್ತ್ರೀಧನ ಹೆಂಡತಿಯ ಸ್ವಂತ ಆಸ್ತಿ ಎಂದು ಸುಪ್ರೀಂ ಕೋರ್ಟು 1985ರಲ್ಲೇ ಹೇಳಿದೆ. 2024ರ ಏಪ್ರಿಲ್‌ನಲ್ಲಿ, ಕೇರಳದ ಮಹಿಳೆಯೊಬ್ಬರ ಮೊಕದ್ದಮೆಯಲ್ಲಿ, ಅದು ಗಂಡ ಹೆಂಡಿರ ಜಂಟಿ ಆಸ್ತಿಯೂ ಅಲ್ಲ ಎಂದು ಮತ್ತೆ ಹೇಳಿ, ಗಂಡ 25 ಲಕ್ಷ ರೂಪಾಯಿ ಕೊಡಬೇಕೆಂದಿತು. ಕಷ್ಟಕಾಲಕ್ಕೆ ಗಂಡ ಬಳಸಬಹುದು, ಆದರೆ ಹಿಂದಿರುಗಿಸುವುದು ಅವನ ಹೊಣೆ.

“ಗಂಡ ಹೆಂಡಿರ ನಡುವೆ ಸಹಿ ಏಕೆ ಮೇಡಂ?” ಎಂದರು ಗಣಿತದ ಮೇಷ್ಟ್ರು. ಒಂದು ದಿನದ ಪ್ರವಾಸಕ್ಕೆ ಬನವಾಸಿಗೆ ಕರೆದೊಯ್ಯಲು ಮಕ್ಕಳ ಮನೆಯಿಂದ ಸಹಿ ತರಿಸುತ್ತೇವೆ. ಬಳೆ ಅಡವಿಡಲು ಬಳೆ ತೊಟ್ಟವಳ ಸಹಿ ಬೇಡವೇ? ಬ್ಯಾಂಕಿನವರು ಅರಗು, ಹರಳಿನ ತೂಕ ಕಳೆದು ಗ್ರಾಂ ಲೆಕ್ಕದಲ್ಲಿ ಬರೆದುಕೊಳ್ಳುತ್ತಾರೆ. ಒಡತಿಯ ಹೆಸರಿಗೆ ಇನ್ನೊಂದು ಸಾಲು ಹೆಚ್ಚಾದೀತೇ?

ಆ ಸಂಜೆ ನಮ್ಮ ಮನೆಯ ಚೀಟಿ ತೆಗೆದು ನೋಡಿದೆ. ನನ್ನ ನಾಲ್ಕು ಬಳೆ, ನಮ್ಮವರ ಹೆಸರು. ಮೂವತ್ತು ವರ್ಷ ಪಾಠ ಹೇಳಿದವಳು, ಒಂದು ದಿನವೂ ಓದಿರಲಿಲ್ಲ. ಅವಧಿ ಮುಗಿದು ಸಾಲ ನವೀಕರಿಸುವಾಗ ಇಬ್ಬರೂ ಹೋದೆವು. “ಯಜಮಾನರ ಸಹಿ ಸಾಕು” ಎಂದರು ಕೌಂಟರಿನಲ್ಲಿ. ಸಾಲದು ಎಂದೆ. ಹಳೆಯದನ್ನು ತೀರಿಸಿ ಹೊಸದಾಗಿ ನನ್ನ ಹೆಸರಿಗೆ ಬರೆಸಲು ಅರ್ಧ ದಿನ ಹಿಡಿಯಿತು. ನಮ್ಮವರು ಅಲ್ಲಿದ್ದಷ್ಟು ಹೊತ್ತೂ ಬಡ್ಡಿ ದರದ ಬೋರ್ಡನ್ನೇ ಓದುತ್ತ ನಿಂತಿದ್ದರು.