ಸಾಕ್ಷಿಯ ಕಿಸೆಯಲ್ಲಿ ಬ್ಯಾಟರಿ

ಚಕ್ ಮೆಕ್‌ಗಿಲ್ ತನ್ನ ತಮ್ಮನ ಮೇಲೆ ಹೊರಿಸಿದ ಆರೋಪದಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ 'ಬೆಟರ್ ಕಾಲ್ ಸಾಲ್' ಧಾರಾವಾಹಿಯ ಮಾತು ಬಂದಾಗಲೆಲ್ಲ ನಮ್ಮ ಮಿತ್ರರದ್ದು ಒಂದೇ ರಾಗ: "ಜಿಮ್ಮಿ ಎಂಥಾ ಆಟ ಆಡಿದ ಮಾರಾಯ! ಮುದುಕನ ಬಣ್ಣ ಬಯಲಾಯ್ತಲ್ಲ!" ಬಯಲಾದ ಬಣ್ಣ ಯಾವುದು, ವಿಚಾರಣೆಯಲ್ಲಿದ್ದ ಪ್ರಶ್ನೆಗೂ ಅದಕ್ಕೂ ಏನು ಸಂಬಂಧ ಎಂದು ಕೇಳಿದರೆ ಮಾತ್ರ ಯಾರಲ್ಲೂ ಉತ್ತರವಿಲ್ಲ. ಅದಕ್ಕೇ ಬರೆಯಲು ಕೂತದ್ದು.

ನೋಡದವರಿಗಾಗಿ ನಾಲ್ಕು ಮಾತು. ಅಮೆರಿಕದಲ್ಲಿ 2015ರಿಂದ 2022ರವರೆಗೆ ಬಂದ ಈ ಧಾರಾವಾಹಿ ನಡೆಯುವುದು ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬಕರ್ಕಿ ಎಂಬ ಊರಿನಲ್ಲಿ. ನಾನು ಹೇಳುತ್ತಿರುವುದು ಮೂರನೇ ಸೀಸನ್ನಿನ ಐದನೇ ಕಂತು, 2017ರ ಮೇ ತಿಂಗಳಲ್ಲಿ ಪ್ರಸಾರವಾದದ್ದು. ಅದರ ಹೆಸರು 'ಚಿಕೇನರಿ', ಅಂದರೆ ಕಾನೂನಿನ ವೇಷ ಹಾಕಿದ ಕುಟಿಲತನ. ಅಣ್ಣ ಚಕ್ ದೊಡ್ಡ ವಕೀಲ. ವಿದ್ಯುತ್ತು ಹತ್ತಿರ ಬಂದರೆ ಮೈ ಸುಡುತ್ತದೆ ಎಂಬುದು ಅವನ ಕಾಯಿಲೆ. ಮನೆಯಲ್ಲಿ ದೀಪವಿಲ್ಲ, ಫೋನಿಲ್ಲ, ಲಾಟೀನಿನ ಬೆಳಕಿನಲ್ಲಿ ಓದುತ್ತಾನೆ. ತಮ್ಮ ಜಿಮ್ಮಿ ಚಿಲ್ಲರೆ ಮೋಸಗಳಲ್ಲಿ ಪಳಗಿ ಆಮೇಲೆ ವಕೀಲನಾದವನು. ಜಿಮ್ಮಿಯ ಗೆಳತಿ ಕಿಮ್ ಹಿಡಿದು ತಂದ ಬ್ಯಾಂಕಿನ ಕೆಲಸ ಅಣ್ಣನ ಸಂಸ್ಥೆಗೆ ಹೋಯಿತೆಂದು ಜಿಮ್ಮಿ ರಾತ್ರೋರಾತ್ರಿ ಅಣ್ಣನ ಕಾಗದಗಳಲ್ಲಿ ಬ್ಯಾಂಕಿನ ಹೊಸ ಶಾಖೆಯ ವಿಳಾಸವನ್ನೇ ತಿದ್ದಿಬಿಡುತ್ತಾನೆ. ಅಣ್ಣನ ಮಾನ ಹೋಗುತ್ತದೆ, ಕೆಲಸ ಕಿಮ್‌ಗೆ ವಾಪಸ್ ಬರುತ್ತದೆ. ಅಣ್ಣನೇನು ಸುಮ್ಮನೆ ಕೂರುವವನೆ? ಕಾಯಿಲೆ ಉಲ್ಬಣಿಸಿದಂತೆ ನಟಿಸಿ, ತಮ್ಮನ ಬಾಯಿಂದಲೇ ನಿಜ ಹೊರಡಿಸಿ, ಟೇಪಿಗೆ ಹಿಡಿಯುತ್ತಾನೆ. ತಮ್ಮ ಬಾಗಿಲು ಮುರಿದು ನುಗ್ಗಿ ಆ ಟೇಪನ್ನು ಹಾಳು ಮಾಡುತ್ತಾನೆ. ಈಗ ಮೂವರ ಸಮಿತಿಯ ಮುಂದೆ ವಿಚಾರಣೆ. ಜಿಮ್ಮಿಯ ಸನ್ನದು ಉಳಿಯಬೇಕೇ, ಹೋಗಬೇಕೇ? (ನಮ್ಮಲ್ಲೂ 1961ರ ವಕೀಲರ ಕಾಯಿದೆಯಂತೆ ಬಾರ್ ಕೌನ್ಸಿಲಿನ ಶಿಸ್ತು ಸಮಿತಿಯಲ್ಲಿ ಮೂವರೇ.)

ನಾನು ಕಾಮರ್ಸಿನವನು. ಕಾನೂನು ನನಗೆ ಗೊತ್ತಿರುವುದು ಬಿಸಿನೆಸ್ ಲಾ ಪೇಪರಿನಷ್ಟೇ. ಆದರೆ ಜಿಮ್ಮಿ ತಿದ್ದಿದ ಆ ವಿಳಾಸ ಇದೆಯಲ್ಲ, ಅದು ನಮ್ಮ ಇಲಾಖೆಗೆ ಸೇರಿದ ವಿಷಯ. 1216 ಮತ್ತು 1261: ಕೊನೆಯ ಎರಡು ಅಂಕೆ ಅದಲುಬದಲು. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದಾಗ ಮೇಷ್ಟ್ರು ಹೇಳಿಕೊಡುವ ಒಂದು ಉಪಾಯವಿದೆ. ಬಂದ ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡು. ಶೇಷವಿಲ್ಲದೆ ಹೋದರೆ ಎಲ್ಲೋ ಅಂಕೆಗಳು ಜಾಗ ಬದಲಿಸಿರಬಹುದು. 1261ರಲ್ಲಿ 1216 ಕಳೆಯಿರಿ. 45. ಒಂಬತ್ತೈದ್ಲ ನಲವತ್ತೈದು! ಕಣ್ಣು ದಣಿದ ಗುಮಾಸ್ತರ ಕೈಯಿಂದ ದಿನಾ ಆಗುವ ತಪ್ಪು ಇದು. ಜಿಮ್ಮಿ ಇದನ್ನೇ ಆರಿಸಿಕೊಂಡದ್ದು ಅದಕ್ಕೇ. ಯಾರು ನೋಡಿದರೂ "ಪಾಪ, ವಯಸ್ಸಾಯ್ತು, ಕಾಯಿಲೆ ಬೇರೆ" ಅನ್ನಬೇಕು. ಮೋಸ ಎಂಬ ಮಾತೇ ಯಾರ ಬಾಯಲ್ಲೂ ಬರಬಾರದು.

ಆದರೆ ಮನೆ ನಂಬರಿಗೆ ಟ್ರಯಲ್ ಬ್ಯಾಲೆನ್ಸ್ ಎಂಬುದಿಲ್ಲ. ಈ ಬದಿಯ ತಪ್ಪನ್ನು ತೋರಿಸಿಕೊಡಲು ಆ ಬದಿಯಲ್ಲಿ ಇನ್ನೊಂದು ಮೊತ್ತವಿಲ್ಲ. ಜೆರಾಕ್ಸ್ ಅಂಗಡಿಯ ಹುಡುಗ ಆಗಲೇ ಜಿಮ್ಮಿಯ ಪರವಾಗಿ ಸುಳ್ಳು ಹೇಳಿಯಾಗಿದೆ. ಟೇಪಿನ ನಕಲು ಇದೆ, ಸರಿ. ಆದರೆ ಕಾಯಿಲೆಯ ಅಣ್ಣನ ಸಮಾಧಾನಕ್ಕೆ ಹಾಗೆ ಹೇಳಿದೆ ಎಂದು ವಾದ ಸಿದ್ಧವಾಗಿದೆ. ಇನ್ನು ಉಳಿದದ್ದು ಚಕ್‌ನ ನೆನಪು ಒಂದೇ. 1215 ಮ್ಯಾಗ್ನಾ ಕಾರ್ಟಾದ ವರ್ಷ, 1216 ಅದರ ಮರುವರ್ಷ, ಅಂಥ ಸಂಖ್ಯೆಯಲ್ಲಿ ನಾನು ತಪ್ಪುವುದುಂಟೇ ಎನ್ನುತ್ತಾನೆ. ಊರಲ್ಲಿ ನಮ್ಮ ಅಜ್ಜಂದಿರು ಸಾಲ ಕೊಟ್ಟ ವರ್ಷವನ್ನು ಯಾರದೋ ಮದುವೆಗೋ ನೆರೆ ಬಂದದ್ದಕ್ಕೋ ಗಂಟು ಹಾಕಿ ನೆನಪಿಡುವುದಿಲ್ಲವೆ, ಹಾಗೆ. ಹೀಗೆ ಈ ವ್ಯವಹಾರಕ್ಕೆ ಇರುವ ಏಕಮಾತ್ರ ವೋಚರ್ ಆ ಮನುಷ್ಯನ ತಲೆ. ಜಿಮ್ಮಿ ಕೈ ಹಾಕಿದ್ದೂ ಅದಕ್ಕೇ.

ಕಂತಿನ ಮುಖ್ಯ ಭಾಗ ಪಾಟೀಸವಾಲು. ಚಕ್‌ನ ಸಲುವಾಗಿ ಕೋಣೆಯ ದೀಪ ಆರಿಸಿದ್ದಾರೆ, ಎಲ್ಲರ ಫೋನು, ಗಡಿಯಾರ ಹೊರಗಿಡಿಸಿದ್ದಾರೆ. ಜಿಮ್ಮಿ ಮೆಲ್ಲಗೆ ಕೇಳುತ್ತಾ ಹೋಗುತ್ತಾನೆ. ಎಷ್ಟು ಹತ್ತಿರ ಬಂದರೆ ನೋವು? ಈಗ ಏನಾದರೂ ಅನ್ನಿಸುತ್ತಿದೆಯೆ? ಆಮೇಲೆ ತನ್ನ ಕಿಸೆಯಿಂದ ಫೋನು ತೆಗೆಯುತ್ತಾನೆ. ಚಕ್ ದಡ್ಡನಲ್ಲ, ಇದರಲ್ಲಿ ಬ್ಯಾಟರಿ ಇಲ್ಲ ಎಂದು ತಕ್ಷಣ ಹಿಡಿದುಬಿಡುತ್ತಾನೆ. ಆಗ ಅವನ ಮುಖದ ಮೇಲೆ ಒಂದು ಗೆಲುವಿನ ನಗೆ ಬರುತ್ತದೆ, ಅದನ್ನು ನೋಡಬೇಕು. ಮೈಕೆಲ್ ಮೆಕೀನ್ ದೊಡ್ಡ ನಟ ಸ್ವಾಮಿ. ಬ್ಯಾಟರಿ ಎಲ್ಲಿದೆ? ಚಕ್‌ನದೇ ಕೋಟಿನ ಎದೆಯ ಕಿಸೆಯಲ್ಲಿ! ಜಿಮ್ಮಿ ಗೊತ್ತುಮಾಡಿದ ದಡೂತಿ ಆಸಾಮಿಯೊಬ್ಬ ಮೆಟ್ಟಿಲ ಮೇಲೆ ಡಿಕ್ಕಿ ಹೊಡೆದಂತೆ ಮಾಡಿ ಇಳಿಬಿಟ್ಟದ್ದು. ಒಂದು ಗಂಟೆ ನಲವತ್ಮೂರು ನಿಮಿಷ ಅದು ಅಲ್ಲೇ ಇತ್ತು, ಚಕ್‌ಗೆ ಏನೂ ಆಗಿರಲಿಲ್ಲ. ಅವನು ಅದನ್ನು ಎರಡು ಬೆರಳಲ್ಲಿ, ಸತ್ತ ಇಲಿಯನ್ನು ಎತ್ತುವ ಹಾಗೆ ಎತ್ತಿ ಬಿಸಾಡುತ್ತಾನೆ.

ಇಲ್ಲಿಗೆ ಸಾಬೀತಾದದ್ದೇನು? ಕಾಯಿಲೆ ಮೈಯದ್ದಲ್ಲ, ಮನಸ್ಸಿನದ್ದು ಎಂದು. ಅಷ್ಟೇ ತಾನೆ? ಮನಸ್ಸಿಗೆ ಕಾಯಿಲೆ ಇದ್ದವನು ವಿಳಾಸದ ವಿಷಯದಲ್ಲೂ ಸುಳ್ಳು ಹೇಳುತ್ತಾನೆ ಎಂದು ಅದರಿಂದ ಹೇಗೆ ಹೊರಡುತ್ತದೆ? ತಮಾಷೆಯೆಂದರೆ ಮಂಡಳಿಯ ವಕೀಲ ಆ ಹೊತ್ತಿಗೆ ಸರಿಯಾಗಿ ಇದನ್ನೇ ಹೇಳುತ್ತಾನೆ: ಈತನ ಮನೋರೋಗ ಇಲ್ಲಿ ಅಪ್ರಸ್ತುತ, ಇವನಿಗೆ ಸ್ಕಿಜೋಫ್ರೇನಿಯಾ ಇದ್ದರೂ ಆರೋಪಿ ಮಾಡಿದ್ದು ಮಾಡಿದ್ದೇ. ನಮ್ಮ ಮಿತ್ರರ ಕಿವಿಗೆ ಆ ಮಾತು ಬಿದ್ದೇ ಇಲ್ಲ. ಅದರ ಹಿಂದೆಯೇ ಚಕ್‌ನ ಚೀರಾಟ ಶುರುವಾಗುತ್ತದಲ್ಲ, ಅದರಲ್ಲಿ ಮುಳುಗಿಹೋಯಿತು.

ಲಾ ಓದುತ್ತಿರುವ ನನ್ನ ಸೋದರತ್ತೆಯ ಮಗಳನ್ನು ಕೇಳಿದೆ. "ಪಾಟೀಸವಾಲಲ್ಲಿ ಸಾಕ್ಷಿಯ ನಂಬಿಕೆ ಅಲುಗಿಸ್ಲಿಕ್ಕೆ ಪ್ರಶ್ನೆ ಕೇಳ್ಬಹುದು ಮಾರಾಯ, ಅದು ಕಾನೂನೇ. ಆದ್ರೆ ಹುಚ್ಚ ಅಂದ ಮಾತ್ರಕ್ಕೆ ಅವ್ನ ಸಾಕ್ಷ್ಯ ಕಸದ ಬುಟ್ಟಿಗೆ ಹೋಗುದಿಲ್ಲ" ಎಂದಳು. 1872ರ ಸಾಕ್ಷ್ಯ ಕಾಯಿದೆಯ 118ನೇ ಕಲಮಿನಲ್ಲೇ ಇದೆ: ಕೇಳಿದ ಪ್ರಶ್ನೆ ಅರ್ಥವಾಗಿ ಬುದ್ಧಿಪೂರ್ವಕ ಉತ್ತರ ಕೊಡಬಲ್ಲನಾದರೆ ಮನೋರೋಗಿಯೂ ಸಾಕ್ಷಿಯಾಗಬಹುದು. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಕಾಯಿದೆಯೂ ಇದನ್ನು ಉಳಿಸಿಕೊಂಡಿದೆ. ಬ್ರಿಟಿಷರ ಕಾಲದ ಕಾಯಿದೆಗೆ ಇದ್ದ ತಾಳ್ಮೆ ಇಂದು ಸೋಫಾದಲ್ಲಿ ಕೂತು ನೋಡುವ ನಮಗಿಲ್ಲ.

ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳಲ್ಲಿ ಸಿ.ಎಸ್.ಪಿ. ಎದ್ದು ನಿಂತರೆ ನಮ್ಮ ಮನೆಯಲ್ಲಿ ಕುಕ್ಕರಿನ ಸೀಟಿಯೂ ನಿಲ್ಲಬೇಕಿತ್ತು. ಸಿ.ಎಸ್.ಪಿ. ಸವಾಲು ಹಾಕುವುದು ಮುಚ್ಚಿಟ್ಟ ನಿಜ ಹೊರಗೆ ಬರಲಿ ಎಂದು. ನೋಡಿ ನೋಡಿ ನಮಗೂ ಒಂದು ಅಭ್ಯಾಸ ಬಂದುಬಿಟ್ಟಿದೆ: ಸಾಕ್ಷಿ ತಡವರಿಸಿದನೋ, ಅವನು ಕಳ್ಳ. ಇಲ್ಲಿ ತಡವರಿಸುತ್ತಿರುವವನು ನಿಜ ಹೇಳುತ್ತಿದ್ದಾನೆ, ತಣ್ಣಗೆ ನಿಂತವನು ಫೋರ್ಜರಿ ಮಾಡಿದವನು. ಧಾರಾವಾಹಿ ಇದನ್ನು ನಮ್ಮಿಂದ ಮುಚ್ಚಿಟ್ಟಿಲ್ಲ. ಜಿಮ್ಮಿ ಕೂತು ಅಂಕೆ ತಿದ್ದಿದ್ದನ್ನು ಹಿಂದಿನ ಸೀಸನ್ನಿನಲ್ಲೇ ಕಣ್ಣಾರೆ ತೋರಿಸಿದೆ. ಕಂಡೂ ಕಂಡೂ ಚಪ್ಪಾಳೆ ಹೊಡೆಯುತ್ತೇವೆ.

ಯಾಕೆ ಹೊಡೆಯುತ್ತೇವೆ ಎಂಬುದೂ ನನಗೆ ಗೊತ್ತು. ಜಿಮ್ಮಿ ಅಣ್ಣನ ಆಫೀಸಿನಲ್ಲಿ ಟಪಾಲು ಹಂಚುತ್ತಾ, ಅಮೆರಿಕನ್ ಸಮೋವಾದ ವಿಶ್ವವಿದ್ಯಾಲಯವೊಂದರಿಂದ ಅಂಚೆ ಪಾಠದಲ್ಲೇ ಲಾ ಮಾಡಿದವನು. ಅದನ್ನು ಅಣ್ಣ ಡಿಗ್ರಿಯೆಂದೇ ಒಪ್ಪುವುದಿಲ್ಲ; ತಮ್ಮನ ಕೈಗೆ ಕಾನೂನು ಸಿಕ್ಕಿದ್ದು ಚಿಂಪಾಂಜಿಯ ಕೈಗೆ ಮೆಷಿನ್ ಗನ್ ಸಿಕ್ಕಿದಂತೆ ಎನ್ನುತ್ತಾನೆ. ನಮ್ಮಲ್ಲಿ ಮಂಗನ ಕೈಯಲ್ಲಿ ಮಾಣಿಕ್ಯ ಎಂದಷ್ಟಕ್ಕೇ ಬಿಡುತ್ತಾರೆ. ನನ್ನ ಅಪ್ಪ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಎಸ್ಸೆಸ್ಸಿ ಮಾಡಿದವರು. ನಾನು ಮುಂಬಯಿ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಮಗ್ಗಿ ಬಾಯಿಪಾಠ ಮಾಡಿದವನು. ಕಾಲೇಜಿಗೆ ಬಂದು ಡೆಪ್ರಿಸಿಯೇಷನ್ ಅಂದರೇನು ಎಂದು ಕೇಳಿ ಇಡೀ ಬೆಂಚನ್ನು ನಗಿಸಿದವನು. ಚಕ್‌ನಂಥ ಮುಖಗಳನ್ನು ನಾವೆಲ್ಲ ನೋಡಿದ್ದೇವೆ. ಆ ಮುಖ ಕಟಕಟೆಯಲ್ಲಿ ಕುಸಿದರೆ ಹಿತವಾಗುತ್ತದೆ, ಇಲ್ಲ ಎನ್ನುವುದಿಲ್ಲ. ಆದರೆ ಅದು ಒಬ್ಬನ ಲೆಕ್ಕವನ್ನು ಇನ್ನೊಬ್ಬನ ಖಾತೆಗೆ ಬರೆದ ಹಾಗೆ. ಚಕ್ ದುರಹಂಕಾರಿ ಎಂಬುದಕ್ಕೆ ಬೇರೆ ಪುಟ ಇದೆ. ವಿಳಾಸ ತಿದ್ದಿದವರು ಯಾರು ಎಂಬ ಪುಟದಲ್ಲಿ ಅದಕ್ಕೆ ಜಾಗವಿಲ್ಲ.

ಚಕ್‌ನನ್ನು ಸಂತ ಮಾಡುವ ಇರಾದೆಯೂ ನನಗಿಲ್ಲ. ತಮ್ಮನ ಕರುಳನ್ನೇ ಗಾಳವಾಗಿಸಿ ಟೇಪು ಮಾಡಿಕೊಂಡವನು ಅವನು. ಈ ಕಂತಿನ ಆರಂಭದಲ್ಲೇ ಒಂದು ಹಳೆಯ ಸಂಜೆಯ ದೃಶ್ಯವಿದೆ. ವಿಚ್ಛೇದನವಾದ ಹೆಂಡತಿ ರೆಬೆಕ್ಕಾ ಊಟಕ್ಕೆ ಬರುತ್ತಾಳೆ. ಅವಳಿಗೆ ಕಾಯಿಲೆ ಗೊತ್ತಾಗಬಾರದು. ಮನೆಯಲ್ಲಿ ಕರೆಂಟು ಯಾಕಿಲ್ಲ ಎಂದರೆ, ಕಂಪನಿಯವರು ವಿಳಾಸದ ಅಂಕೆ ಅದಲುಬದಲು ಮಾಡಿ ನಮ್ಮ ಮನೆಯದನ್ನು ಕಡಿದರು ಎಂದು ಕತೆ ಕಟ್ಟುತ್ತಾನೆ. ಅದೇ ಒಂಬತ್ತರ ಲೆಕ್ಕ! ಆ ಸಂಜೆ ಜಿಮ್ಮಿ ಅಣ್ಣನ ಜೊತೆಗೇ ಇದ್ದ, ಅಣ್ಣನ ಮಾನ ಉಳಿಸಲು.

ವಿಚಾರಣೆಯ ದಿನವೂ ರೆಬೆಕ್ಕಾ ಬಂದು ಕೂತಿದ್ದಾಳೆ. ಪರಊರಿನಿಂದ ಅವಳನ್ನು ಕರೆಸಿದವನು ಜಿಮ್ಮಿಯೇ. ಅವಳೆದುರು ಹುಚ್ಚ ಅನ್ನಿಸಿಕೊಳ್ಳುವುದನ್ನು ಅಣ್ಣ ತಡೆದುಕೊಳ್ಳಲಾರ ಎಂಬುದು ಲೋಕದಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಬ್ಯಾಟರಿ ಇಡಲು ಬೇರೆಯವನು ಬೇಕಾಯಿತು. ಇದಕ್ಕೆ ತಮ್ಮನೇ ಆಗಬೇಕಿತ್ತು. ಅವನಿಗೆ ಸಿಕ್ಕ ಶಿಕ್ಷೆ ಒಂದು ವರ್ಷ ಸನ್ನದಿನ ಅಮಾನತು. ಚಕ್ ಅದೇ ಸೀಸನ್ನಿನ ಕೊನೆಗೆ ಗೋಡೆಗಳೆಲ್ಲ ಕಿತ್ತು ಎಲ್ಲೋ ಉಳಿದ ವಿದ್ಯುತ್ತನ್ನು ಹುಡುಕಿ ಹುಡುಕಿ, ಲಾಟೀನನ್ನು ತಾನೇ ಒದ್ದು ಉರುಳಿಸುತ್ತಾನೆ.