ಪ್ರತಿಯ ಒಡೆಯರು ಮತ್ತು ಕೃತಿಯ ಚರಿತ್ರೆ: ಪೆಟ್ರಾರ್ಕನ ವರ್ಜಿಲ್ ಹಸ್ತಪ್ರತಿಯ ನೆಲೆಯಿಂದ

ಹಸ್ತಪ್ರತಿಯೊಂದರ ಮೌಲ್ಯವನ್ನು ನಿರ್ಧರಿಸುವಾಗ ನಾವು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತೇವೆ: ಅದು ಎಷ್ಟು ಪ್ರಾಚೀನ? ಅದರ ಪಾಠ ಎಷ್ಟು ಶುದ್ಧ? ಕವಿಯ ಮೂಲಪಾಠಕ್ಕೆ ಸಮೀಪವೆಂದು ತೋರುವ ಪ್ರತಿ ಆದರಕ್ಕೆ ಪಾತ್ರವಾಗುತ್ತದೆ. ಉಳಿದವು ಅಡಿಟಿಪ್ಪಣಿಯ ಪಾಠಾಂತರಗಳಲ್ಲಿ ಕರಗಿಹೋಗುತ್ತವೆ. ಆ ಪ್ರತಿಯನ್ನು ಯಾರು ಬರೆಸಿದರು, ಅದು ಯಾರ ಕೈಯಿಂದ ಯಾರ ಕೈಗೆ ಸಾಗಿತು, ಅದರ ಅಂಚಿನಲ್ಲಿ ಒಡೆಯರು ಏನನ್ನು ಬರೆದುಕೊಂಡರು ಎಂಬ ಮೂರನೆಯ ಪ್ರಶ್ನೆಗೆ ದೊರೆಯುವ ಗಮನ ಕಡಿಮೆ. ಸಾಹಿತ್ಯ ಚರಿತ್ರೆಗೆ ಈ ಮೂರನೆಯ ಪ್ರಶ್ನೆಯೂ ಅನಿವಾರ್ಯವೆಂಬುದು ಪ್ರಸ್ತುತ ಲೇಖನದ ನಿಲುವು. ಇಟಲಿಯ ಮಿಲಾನ್ ನಗರದ ಅಂಬ್ರೋಸಿಯಾನಾ ಗ್ರಂಥಾಲಯದಲ್ಲಿರುವ ಲ್ಯಾಟಿನ್ ಕಾವ್ಯಸಂಪುಟವೊಂದು ಇದಕ್ಕೆ ಉತ್ತಮ ನಿದರ್ಶನ.

ಇದು ಹದಿನಾಲ್ಕನೆಯ ಶತಮಾನದ ಚರ್ಮಪತ್ರದ ಪ್ರತಿ. ಕವಿ ಪೆಟ್ರಾರ್ಕನ (1304-1374) ತಂದೆ ಇದನ್ನು ಸಿದ್ಧಪಡಿಸಿಸಿದನು. ವರ್ಜಿಲನ 'ಎಕ್ಲಾಗ್ಸ್', 'ಜಾರ್ಜಿಕ್ಸ್', 'ಈನೀಡ್' ಕಾವ್ಯಗಳೂ ಅವುಗಳ ಸುತ್ತ ಸರ್ವಿಯಸ್‌ನ ಪ್ರಸಿದ್ಧ ವ್ಯಾಖ್ಯಾನವೂ ಇದರಲ್ಲಿವೆ. ವರ್ಜಿಲನ ಪಾಠನಿರ್ಣಯದ ದೃಷ್ಟಿಯಿಂದ ಇದು ಬಹು ತಡವಾಗಿ ಬಂದ ಸಾಕ್ಷಿ. ಆ ಕಾರ್ಯಕ್ಕೆ ಸಂಪಾದಕರು ಮುಖ್ಯವಾಗಿ ಅವಲಂಬಿಸುವುದು ಪ್ರಾಚೀನ ರೋಮನ್ ಯುಗದ ಕೊನೆಗಾಲದ ಪ್ರತಿಗಳನ್ನು. ಫ್ಲಾರೆನ್ಸಿನಲ್ಲಿರುವ ಅಂತಹ ಒಂದು ಪ್ರತಿಯನ್ನು ತಾನೇ ತಿದ್ದಿದುದಾಗಿ 494ರ ಕಾನ್ಸಲ್ ಆಸ್ಟೀರಿಯಸ್ ಅದರಲ್ಲಿ ದಾಖಲಿಸಿದ್ದಾನೆ. ಅದಕ್ಕಿಂತ ಎಂಟು ಶತಮಾನಗಳಷ್ಟು ಕಿರಿಯದಾದ ಮಿಲಾನ್ ಪ್ರತಿಯನ್ನು ಕೇವಲ ಪಾಠದ ತಕ್ಕಡಿಯಲ್ಲಿ ತೂಗಿದರೆ ಅದು ಹಗುರವೆನಿಸುವುದು ಸಹಜ. ಆದರೆ ಅದರ ಹಾಳೆಗಳು ಹೇಳುವ ಸಂಗತಿಗಳು ಬೇರೆಯೇ ಇವೆ.

1326ರ ನವೆಂಬರ್ 1ರಂದು ಈ ಗ್ರಂಥ ಕಳುವಾಯಿತೆಂದೂ 1338ರ ಏಪ್ರಿಲ್ 17ರಂದು ಅವಿನ್ಯೋನಿನಲ್ಲಿ ಮರಳಿ ದೊರೆಯಿತೆಂದೂ ಪೆಟ್ರಾರ್ಕನೇ ಬರೆದಿಟ್ಟಿದ್ದಾನೆ. ಮರಳಿ ಬಂದ ಗ್ರಂಥಕ್ಕೆ ಸಿಯೆನಾದ ಚಿತ್ರಕಾರ ಸಿಮೋನೆ ಮಾರ್ಟಿನಿ ಮುಖಚಿತ್ರವನ್ನು ರಚಿಸಿದನು. ಕವಿ ಮರದಡಿ ಕುಳಿತಿದ್ದಾನೆ. ವ್ಯಾಖ್ಯಾನಕಾರ ಸರ್ವಿಯಸ್ ತೆಳುವಾದ ತೆರೆಯನ್ನು ಸರಿಸಿ ಅವನನ್ನು ತೋರುತ್ತಿದ್ದಾನೆ. ಯೋಧ, ರೈತ, ಕುರುಬರು ಕವಿಯ ಮೂರು ಕೃತಿಗಳನ್ನು ಪ್ರತಿನಿಧಿಸುತ್ತಾರೆ. ವ್ಯಾಖ್ಯಾನವೆಂದರೆ ತೆರೆ ಸರಿಸುವುದು ಎಂಬ ಕಾವ್ಯಮೀಮಾಂಸೆಯ ಪರಿಕಲ್ಪನೆಯನ್ನೇ ಇಲ್ಲಿ ಚಿತ್ರರೂಪದಲ್ಲಿ ಕಾಣುತ್ತೇವೆ. ಪುಟಗಳ ಅಂಚುಗಳಲ್ಲಿ ಪೆಟ್ರಾರ್ಕ ದೀರ್ಘಕಾಲ ಬರೆಯುತ್ತ ಬಂದ ಟಿಪ್ಪಣಿಗಳಿವೆ. ಒಬ್ಬ ಮಹಾಕವಿಯನ್ನು ಇನ್ನೊಬ್ಬ ಮಹಾಕವಿ ಹೇಗೆ ಓದಿದನೆಂಬುದಕ್ಕೆ ಇವುಗಳಿಗಿಂತ ನೇರವಾದ ಆಕರ ದುರ್ಲಭ.

ಗ್ರಂಥದ ಹೊರಹಾಳೆಯನ್ನು ಆತ ಆಪ್ತರ ಮರಣಗಳ ದಾಖಲೆಯಾಗಿಯೂ ಬಳಸಿದ್ದಾನೆ. 1361ರಲ್ಲಿ ತೀರಿಕೊಂಡ ಮಗನ ಹೆಸರು ಅಲ್ಲಿದೆ. ಎಲ್ಲಕ್ಕಿಂತ ಪ್ರಸಿದ್ಧವಾದುದು ಲಾರಾಳನ್ನು ಕುರಿತ ಬರಹ. ಅವಳನ್ನು ಮೊದಲು ಕಂಡದ್ದು 1327ರ ಏಪ್ರಿಲ್ 6ರಂದು, ಅವಿನ್ಯೋನಿನ ಸಂತ ಕ್ಲಾರಾ ಚರ್ಚಿನಲ್ಲಿ. ಅವಳು ಸತ್ತದ್ದು 1348ರ ಏಪ್ರಿಲ್ 6ರಂದು, ಅದೇ ಊರಿನಲ್ಲಿ, ಅದೇ ಹೊತ್ತಿನಲ್ಲಿ. ತನ್ನ ಕಣ್ಣಿಗೆ ಪದೇ ಪದೇ ಬೀಳುವ ಸ್ಥಳವಾದುದರಿಂದ ಇಲ್ಲಿ ಬರೆದೆನೆಂದು ಕಾರಣವನ್ನೂ ಕೊಡುತ್ತಾನೆ. ಲಾರಾ ಕವಿಕಲ್ಪನೆಯೇ ಎಂಬ ಸಂದೇಹ ಪೆಟ್ರಾರ್ಕನ ಜೀವಿತಕಾಲದಲ್ಲೇ ಎದ್ದಿತ್ತು. ಅದಕ್ಕೆ ಉತ್ತರವಾಗಿ ಈ ಟಿಪ್ಪಣಿಯನ್ನು ವಿದ್ವಾಂಸರು ಮುಂದಿಡುತ್ತಾರೆ. ಆದರೆ ಎಚ್ಚರ ಅಗತ್ಯ. ಮೊದಲ ಭೇಟಿ ಕ್ರಿಸ್ತನ ಮರಣದ ದಿನ ನಡೆಯಿತೆಂದು ಅವನ ಕವಿತೆ ಸೂಚಿಸುತ್ತದೆ. 1327ರ ಏಪ್ರಿಲ್ 6 ಸೋಮವಾರ, ಆ ವರ್ಷದ ಗುಡ್ ಫ್ರೈಡೇ ಏಪ್ರಿಲ್ 10ರಂದು ಬಂದಿತ್ತು. ಆದ್ದರಿಂದ ಒಡೆಯನ ಟಿಪ್ಪಣಿ ನಿರ್ವಿವಾದ ಪುರಾವೆಯಲ್ಲ. ಅದೂ ಒಂದು ಪಠ್ಯ. ಕಾವ್ಯದಷ್ಟೇ ವಿಮರ್ಶಾತ್ಮಕ ಓದನ್ನು ಬೇಡುತ್ತದೆ.

ಪೆಟ್ರಾರ್ಕನ ಮರಣಾನಂತರ ಗ್ರಂಥ ಪಾಡುವಾದ ಅಧಿಪತಿಗಳಾದ ಕರ್ರಾರಾ ಮನೆತನಕ್ಕೆ ಸೇರಿತು. 1388ರಲ್ಲಿ ಪಾಡುವಾವನ್ನು ಗೆದ್ದ ವಿಸ್ಕೋಂತಿಗಳು ಅದನ್ನು ಪಾವಿಯಾದ ಕೋಟೆಯ ಗ್ರಂಥಭಂಡಾರಕ್ಕೆ ಒಯ್ದರು. ಮುಂದೆ ಫ್ರೆಂಚ್ ದೊರೆ ಹನ್ನೆರಡನೆಯ ಲೂಯಿ ಆ ಭಂಡಾರದ ಬಹುಭಾಗವನ್ನು ಫ್ರಾನ್ಸಿಗೆ ಸಾಗಿಸಿದಾಗಲೂ ಈ ಗ್ರಂಥ ಇಟಲಿಯಲ್ಲೇ ಉಳಿಯಿತು. ಬಳಿಕ ಕಾರ್ಡಿನಲ್ ಫೆದೆರಿಕೋ ಬೊರ್ರೋಮಿಯೋ ಸ್ಥಾಪಿಸಿ, 1609ರಲ್ಲಿ ಓದುಗರಿಗೆ ತೆರೆದ ಅಂಬ್ರೋಸಿಯಾನಾಕ್ಕೆ ಬಂದಿತು. 1796ರಲ್ಲಿ ನೆಪೋಲಿಯನ್ನನ ಕಾಲದ ಫ್ರೆಂಚರು ಇದನ್ನು ಪ್ಯಾರಿಸ್‌ಗೆ ಒಯ್ದರು. 1815ರಲ್ಲಿ ಮರಳಿ ಬಂದಿತು. ಕಾವ್ಯಗ್ರಂಥದ ಒಡೆತನ ರಾಜಪ್ರತಿಷ್ಠೆಯ ಗುರುತಾದ ಬಗೆಯನ್ನು ಈ ಸರಪಳಿ ಮನಗಾಣಿಸುತ್ತದೆ.

ಅಲ್ಲಿನ ವಿದ್ವತ್ತು ಈ ಸಾಮಗ್ರಿಯನ್ನು ಕಡೆಗಣಿಸಲಿಲ್ಲ. ಪಿಯರ್ ದ ನೊಲಾಕ್ 1892ರ ತನ್ನ ಕೃತಿಯಲ್ಲಿ ಪೆಟ್ರಾರ್ಕನ ಗ್ರಂಥಸಂಗ್ರಹವನ್ನು ಮರುರೂಪಿಸಲು ಯತ್ನಿಸಿದನು. 1930ರಲ್ಲಿ ಮಿಲಾನ್ ಪ್ರತಿಯ ಯಥಾಪ್ರತಿ ಮುದ್ರಣವಾಯಿತು. 2006ರಲ್ಲಿ ಪೆಟ್ರಾರ್ಕನ ಅಂಚಿನ ಟಿಪ್ಪಣಿಗಳೇ ಸ್ವತಂತ್ರ ಸಂಪಾದಿತ ಕೃತಿಯಾಗಿ ಪ್ರಕಟವಾದವು.

ಕನ್ನಡ ಗ್ರಂಥಸಂಪಾದನೆಗೆ ಡಿ.ಎಲ್. ನರಸಿಂಹಾಚಾರ್ಯರು 1964ರ ತಮ್ಮ ಕೃತಿಯಲ್ಲಿ ಶಾಸ್ತ್ರೀಯ ತಳಹದಿಯನ್ನು ಒದಗಿಸಿದರು. ಪ್ರತಿಗಳ ವಂಶವೃಕ್ಷವನ್ನು ರಚಿಸುವ ಪಾಶ್ಚಾತ್ಯ ವಿಧಾನ ನಮಗೆ ಪರಿಚಿತ. ಆ ವಿಧಾನದೊಡನೆ ಬೆಳೆದ ಒಡೆತನದ ಚರಿತ್ರೆಯನ್ನು ಮಾತ್ರ ನಾವು ಅಷ್ಟಾಗಿ ಸ್ವೀಕರಿಸಲಿಲ್ಲ. ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಬರೆಯಿಸಿದ ಅತ್ತಿಮಬ್ಬೆಯನ್ನು ನಾವು ಗೌರವದಿಂದ ಸ್ಮರಿಸುತ್ತೇವೆ. ಪ್ರತಿಗಳನ್ನು ಪಡೆದು ಓದಿದವರ ಬಗೆಗೆ ಮಾತ್ರ ಕುತೂಹಲ ತೋರುವುದಿಲ್ಲ.

ನಮ್ಮ ಓಲೆಗರಿಗಳ ಒಡೆಯರು ಪೆಟ್ರಾರ್ಕರಲ್ಲ, ಅವರ ಟಿಪ್ಪಣಿಗಳಿಂದ ಏನು ಪ್ರಯೋಜನ ಎಂಬ ಆಕ್ಷೇಪ ಏಳಬಹುದು. ಪರಿಸ್ಥಿತಿ ಇದಕ್ಕೆ ವಿರುದ್ಧವಾಗಿದೆ. ಪೆಟ್ರಾರ್ಕನನ್ನು ಅರಿಯಲು ಅವನ ಕೃತಿಗಳಿವೆ, ಪತ್ರಗಳಿವೆ. ಹೆಸರಿಲ್ಲದ ಮಠದ ವಟುವನ್ನೋ ಊರಿನ ಶಾನುಭೋಗನನ್ನೋ ಕಾವ್ಯದ ಓದುಗನಾಗಿ ಅರಿಯಲು ಆ ಗರಿಯೊಂದೇ ಆಧಾರ. ಅದನ್ನು ಬಿಟ್ಟರೆ ಆ ಓದುಗ ಚರಿತ್ರೆಯಿಂದಲೇ ಅಳಿಸಿಹೋಗುತ್ತಾನೆ.

ಆದ್ದರಿಂದ ವರ್ಣನಾತ್ಮಕ ಸೂಚಿಗಳು ಕೃತಿಯ ಆದಿ ಅಂತ್ಯಗಳನ್ನೂ ಲಿಪಿಕಾರನ ಹೆಸರನ್ನೂ ಕೊಟ್ಟರೆ ಸಾಲದು. ಬರೆಯಿಸಿದವರು, ದಾನ ಅಥವಾ ಕ್ರಯದ ಉಲ್ಲೇಖ, ನಂತರದ ಕೈಬರಹಗಳು ಇವುಗಳಿಗೆ ಪ್ರತ್ಯೇಕ ಅಂಕಣಗಳಿರಬೇಕು. ಗಣಕೀಕರಣದಲ್ಲಿ ಕಾವ್ಯಭಾಗದಷ್ಟೇ ಕಾಳಜಿಯಿಂದ ಮೊದಲ ಮತ್ತು ಕೊನೆಯ ಬಿಡಿಗರಿಗಳನ್ನೂ ಕಟ್ಟಿನ ಹಲಗೆಗಳನ್ನೂ ಚಿತ್ರೀಕರಿಸಬೇಕು. ಸಂಪಾದಕರು ಇಂತಹ ಬರಹಗಳನ್ನು ಪೀಠಿಕೆಯಲ್ಲಿ ಪೂರ್ಣವಾಗಿ ಮುದ್ರಿಸಬೇಕು. ಗರಿಗಳು ಮುರಿಯುತ್ತಿವೆ, ಕಟ್ಟುಗಳ ಹೊರಗರಿಗಳೇ ಮೊದಲು ನಾಶವಾಗುವುದು. ಒಡೆಯರ ಹೆಸರುಗಳು ಇರುವುದೂ ಬಹುಮಟ್ಟಿಗೆ ಅಲ್ಲಿಯೇ.