ಕೂದಲು ಕಸಿಯೂ ಶಸ್ತ್ರಚಿಕಿತ್ಸೆಯೇ

ಮಯೂರ್ ವಿಹಾರ್‌ನ ಕನ್ನಡದ ಮನೆಗಳವರು ಮಾತ್ರೆಗಳ ಬಗ್ಗೆ ನನ್ನನ್ನು ವಿಚಾರಿಸುವಾಗ ಒಂದು ವಿಷಯ ಗಮನಿಸಿದ್ದೇನೆ. ಮಗಳು ಹೊಟ್ಟೆಯ ಕೊಬ್ಬು ತೆಗೆಸುತ್ತೇನೆ ಎಂದರೆ ಮನೆಮಂದಿಯೆಲ್ಲ ಗಾಬರಿ. ಮಗ ಕೂದಲು ಕಸಿ ಮಾಡಿಸುತ್ತೇನೆ ಎಂದರೆ, ‘ಖರ್ಚು ಎಷ್ಟಾಗುತ್ತಂತೆ?’ ಅಷ್ಟೇ.

ಜಗತ್ತಿನಾದ್ಯಂತ ಸೌಂದರ್ಯ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವವರಲ್ಲಿ ಹೆಂಗಸರೇ ಹೆಚ್ಚು. ಕೊಬ್ಬು ತೆಗೆಸುವುದು, ಸ್ತನದ ಗಾತ್ರ ಹೆಚ್ಚಿಸುವುದು ಅವರಲ್ಲಿ ಮುಂದಿದೆ. ಗಂಡಸರು ಕಣ್ಣಿನ ರೆಪ್ಪೆ ಸರಿಪಡಿಸಲು, ಉಬ್ಬಿದ ಎದೆ ಕುಗ್ಗಿಸಲು ಹೋಗುತ್ತಾರೆ. ಕೂದಲು ಕಸಿಗೆ ಬರುವವರಲ್ಲೂ ಗಂಡಸರೇ ಹೆಚ್ಚು.

ಅಪಾಯ ಮಾತ್ರ ಗಂಡು ಹೆಣ್ಣು ನೋಡುವುದಿಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಅದಕ್ಕೂ ಹಿಂದಿನ ವರ್ಷ ಇಲ್ಲೇ ದೆಹಲಿಯಲ್ಲಿ ಕೂದಲು ಕಸಿ ಮಾಡಿಸಿಕೊಂಡ 30 ವರ್ಷದ ಯುವಕರೊಬ್ಬರು ಸೋಂಕು ಮೈಗೆಲ್ಲ ಹರಡಿ ತೀರಿಕೊಂಡರು. ಸೂಕ್ತ ಶಸ್ತ್ರಚಿಕಿತ್ಸಾ ತರಬೇತಿ ಇರುವ ನೋಂದಾಯಿತ ವೈದ್ಯರೇ ಕೂದಲು ಕಸಿ ಮಾಡಬೇಕು, ಯೂಟ್ಯೂಬ್ ನೋಡಿ ಕಲಿತರೆ ಸಾಲದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಬೇಕಾಯಿತು. ಹೇಳಬೇಕಾಗಿ ಬಂದದ್ದೇ ಬೇಸರದ ಸಂಗತಿ.

ಫಾರ್ಮಸಿ ಓದಿದವಳಾಗಿ ನನಗೆ ಹೆಚ್ಚು ಕಾಡುವುದು ಗಂಡಸರ ಎದೆ ಉಬ್ಬುವ ತೊಂದರೆ. ನಾಚಿಕೆಯಿಂದ ಯಾರಿಗೂ ಹೇಳದೆ ನೇರವಾಗಿ ಆಪರೇಷನ್‌ಗೆ ಹೋಗುತ್ತಾರೆ. ಆದರೆ ಕಾರಣ ಕೆಲವೊಮ್ಮೆ ಮಾತ್ರೆಯ ಡಬ್ಬಿಯಲ್ಲೇ ಇರುತ್ತದೆ: ಹೃದಯ, ಲಿವರ್ ರೋಗಿಗಳಿಗೆ ಕೊಡುವ ಸ್ಪೈರನೊಲ್ಯಾಕ್ಟೋನ್, ಕೂದಲು ಉದುರುವುದಕ್ಕೆ ಕೊಡುವ ಫಿನಾಸ್ಟರೈಡ್, ಜಿಮ್‌ನಲ್ಲಿ ಕೈಗೆ ಸಿಗುವ ಸ್ಟೀರಾಯ್ಡ್. ಹದಿಹರೆಯದ ಹುಡುಗರಲ್ಲಿ ಬಹುಪಾಲು ತಾನಾಗಿಯೇ ಇಳಿಯುತ್ತದೆ. ಒಂದೇ ಕಡೆ ಗಟ್ಟಿ ಗಂಟು ಇದ್ದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಿ.

ಹೆಂಗಸರು ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಶಸ್ತ್ರಚಿಕಿತ್ಸಕರಿಗೆ ಮೊದಲೇ ತಿಳಿಸಬೇಕು. ಈಸ್ಟ್ರೊಜೆನ್ ಇರುವ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚುತ್ತದೆ. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರು, ಗಂಡಸರಾಗಲಿ ಹೆಂಗಸರಾಗಲಿ, ಹೇಳಲೇಬೇಕು. ರಕ್ತಸ್ರಾವ ನಿಲ್ಲುವುದು ತಡವಾಗುತ್ತದೆ. ಹಾಗಂತ ನೀವಾಗಿಯೇ ನಿಲ್ಲಿಸಬೇಡಿ, ಸ್ಟೆಂಟ್ ಹಾಕಿಸಿಕೊಂಡವರಂತೂ ಖಂಡಿತ ಬೇಡ.

ಮೊದಲ ಭೇಟಿಗೆ ಹೋಗುವಾಗ ಮಾತ್ರೆಯ ಪಟ್ಟಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ, ಜಿಮ್‌ನ ಡಬ್ಬಿಯೂ ಇರಲಿ. ಅರಿವಳಿಕೆ ಕೊಡುವವರು ಯಾರು, ಉಸಿರಾಟಕ್ಕೆ ತೊಂದರೆಯಾದರೆ ಯಾವ ಆಸ್ಪತ್ರೆಗೆ ಸಾಗಿಸುತ್ತಾರೆ ಎಂದು ಅಲ್ಲೇ ಕೇಳಿ.